ಬೋಟು ಚಳಿಗಾಲಕ್ಕೆ ಮಲಗುವ ಮುನ್ನ: ಟ್ಯಾಂಕು, ಫಿಲ್ಟರ್, ಪೈಪು

ಕಳೆದ ಶನಿವಾರ ನಮ್ಮ ಬೋಟನ್ನು ಈ ವರ್ಷದ ಮಟ್ಟಿಗೆ ಕೊನೆಯ ಸಲ ಕೆರೆಯಿಂದ ಮೇಲಕ್ಕೆಳೆದು ಮನೆಗೆ ತಂದೆವು. ಅಮೆರಿಕದ ಮಿನ್ನೆಸೋಟ ರಾಜ್ಯದ ನಮ್ಮ ಮಿನಿಯಾಪೊಲಿಸ್ ಸುತ್ತಮುತ್ತ ಅಕ್ಟೋಬರ್ ನಡುವಿನ ಹೊತ್ತಿಗೆ ಮೇಪಲ್ ಮರಗಳು ಎಲೆಯುದುರಿಸಿ ನಿಂತಿರುತ್ತವೆ, ಬೆಳಗಿನ ಇಬ್ಬನಿ ಹುಲ್ಲಿನ ಮೇಲೆ ಬಿಳಿಯಾಗಿ ಹೆಪ್ಪುಗಟ್ಟತೊಡಗುತ್ತದೆ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಕೆರೆಗಳು ಗಡ್ಡೆ ಕಟ್ಟಿದರೆ ಅವು ಮತ್ತೆ ತೆರೆದುಕೊಳ್ಳುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಅಂದರೆ ಬೋಟಿನ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಆರೇಳು ತಿಂಗಳ ಕಾಲ ಅಲುಗಾಡದೆ ಒಂದೇ ಕಡೆ ಇರಬೇಕಾಗುತ್ತದೆ. ಬ್ಯಾಟರಿ, ಗೇರ್ ಪೆಟ್ಟಿಗೆಯ ಎಣ್ಣೆ, ಮೇಲುಹೊದಿಕೆ ಇವೆಲ್ಲ ಮುಖ್ಯವೇ. ಆದರೆ ನನ್ನ ಅನುಭವದಲ್ಲಿ ವಸಂತದಲ್ಲಿ ಎಂಜಿನ್ ಕೈಕೊಡುವುದು ಹೆಚ್ಚಾಗಿ ಇಂಧನದ ಕಾರಣದಿಂದ, ಮತ್ತು ಆ ತೊಂದರೆಯ ಬೀಜ ಬಿದ್ದಿರುವುದು ಹಿಂದಿನ ಅಕ್ಟೋಬರಿನಲ್ಲಿ. ಆದ್ದರಿಂದ ಇಲ್ಲಿ ಇಂಧನ ವ್ಯವಸ್ಥೆಯ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ನಮ್ಮ ಕನ್ನಡದ ಗೆಳೆಯರಲ್ಲಿ ಇಬ್ಬರು ಈ ಬೇಸಗೆಯಲ್ಲಿ ಹೊಸದಾಗಿ ಬೋಟು ಕೊಂಡಿದ್ದಾರೆ, ಅವರು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಕಾರಣ.

ನಾನು ಹುಟ್ಟಿ ಬೆಳೆದದ್ದು ಮರವಂತೆಯ ಬಳಿ. ದೊಡ್ಡಪ್ಪನಿಗೆ ಒಂದು ನಾಡದೋಣಿಯಲ್ಲಿ ಪಾಲಿತ್ತು, ಅದಕ್ಕೆ ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್ ಎಂಜಿನ್ ಇತ್ತು. ಅಂಥ ಎಂಜಿನ್ ಚಾಲೂ ಆಗುವುದು ಪೆಟ್ರೋಲಿನಲ್ಲಿ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ, ದಡ ಹತ್ತಿರವಾಗುತ್ತಿದ್ದಂತೆ ಮತ್ತೆ ಪೆಟ್ರೋಲಿಗೆ ತಿರುಗಿಸುತ್ತಾರೆ. ನಾನು ದೋಣಿಯಲ್ಲಿದ್ದ ದಿನಗಳಲ್ಲಿ ಆ ಕೆಲಸ ನನ್ನದಾಗಿತ್ತು, "ಮಾಣಿ, ಪೆಟ್ರೋಲಿಗೆ ಹಾಕು" ಎಂದು ದೊಡ್ಡಪ್ಪ ಹಿಂದಿನಿಂದ ಕೂಗುತ್ತಿದ್ದರು. ಇಂಧನವನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಗಿನ ಕತ್ತಲಲ್ಲಿ ಹಗ್ಗ ಎಷ್ಟು ಎಳೆದರೂ ಎಂಜಿನ್ ಕೆಮ್ಮುತ್ತದೆಯೇ ಹೊರತು ಹತ್ತುವುದಿಲ್ಲ. ಎಂಜಿನ್ ಮಲಗುವಾಗ ಅದರ ಹೊಟ್ಟೆಯಲ್ಲಿ ಯಾವ ಎಣ್ಣೆ ಇರಬೇಕೆಂದು ಅವರು ಪ್ರತಿದಿನ ಯೋಚಿಸುತ್ತಿದ್ದರು. ಇಲ್ಲಿ ನಾವು ವರ್ಷಕ್ಕೊಮ್ಮೆ ಯೋಚಿಸಿದರೆ ಸಾಕು, ಆದರೆ ಆ ಒಂದು ಸಲ ತಪ್ಪಿಸುವಂತಿಲ್ಲ.

ಮೊದಲ ವರ್ಷ ನಾನು ತಪ್ಪಿಸಿದೆ. ಹದಿನೇಳು ಅಡಿಯ ಅಲ್ಯೂಮಿನಿಯಂ ಬೋಟು, ಹಿಂದೆ 60 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್, ನೆಲದಡಿಯಲ್ಲಿ ಕೂರಿಸಿದ 20 ಗ್ಯಾಲನ್ ಟ್ಯಾಂಕು, ಅಂದರೆ ಸುಮಾರು 75 ಲೀಟರ್. ಸೆಕೆಂಡ್ ಹ್ಯಾಂಡ್ ಕೊಂಡ ಸಂತೋಷದಲ್ಲಿ ಬೇಸಗೆಯೆಲ್ಲ ಓಡಿಸಿ, ಟ್ಯಾಂಕಿನಲ್ಲಿ ಕಾಲುಭಾಗ ಪೆಟ್ರೋಲು ಇರುವಾಗಲೇ ಹೊದಿಕೆ ಹಾಕಿ ಮನೆಯ ಪಕ್ಕದಲ್ಲಿ ನಿಲ್ಲಿಸಿಬಿಟ್ಟೆ. ಮುಂದಿನ ಮೇ ತಿಂಗಳಲ್ಲಿ ವಾಲೈ ಮೀನಿನ ಹಂಗಾಮು ತೆರೆಯುವ ಶನಿವಾರ ಎಲ್ಲರ ಜೊತೆ ನಾವೂ ನೀರಿಗಿಳಿದೆವು. ಎಂಜಿನ್ ಮೊದಲ ತಿರುವಿಗೇ ಹತ್ತಿತು. ಕೆಲವು ನಿಮಿಷ ಚೆನ್ನಾಗಿ ಓಡಿ, ದಡ ದೂರವಾದ ಮೇಲೆ ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿ ನಿಂತೇಹೋಯಿತು. ಗಾಳಿ ಎದುರಿನಿಂದ ಬೀಸುತ್ತಿತ್ತು, ನೀರು ಇನ್ನೂ ಕೈಯಿಡಲಾರದಷ್ಟು ತಣ್ಣಗಿತ್ತು, ಬೋಟಿನಲ್ಲಿ ನನ್ನ ಮಗಳೂ ಇದ್ದಳು. ಇನ್ನೊಂದು ಬೋಟಿನವರು ಹಗ್ಗ ಎಸೆದು ನಮ್ಮನ್ನು ದಡಕ್ಕೆ ಎಳೆದು ತಂದರು.

ರಿಪೇರಿಯವರು ಮಾತಿಗಿಂತ ಮೊದಲು ಮಾಡಿದ ಕೆಲಸವೆಂದರೆ ಇಂಧನದ ಫಿಲ್ಟರನ್ನು ಬಿಚ್ಚಿ, ಅದರೊಳಗಿನದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಕಿಟಕಿಯ ಬೆಳಕಿನಲ್ಲಿಟ್ಟದ್ದು. ಹತ್ತು ನಿಮಿಷದಲ್ಲಿ ಬಾಟಲಿಯೊಳಗೆ ಎರಡು ಪದರ ಬೇರೆಬೇರೆಯಾಗಿ ಕಾಣಿಸಿತು. ಮೇಲೆ ತೆಳುಹಳದಿಯ ಪೆಟ್ರೋಲು, ಕೆಳಗೆ ಅಕ್ಕಿ ತೊಳೆದ ನೀರಿನಂತೆ ಮಬ್ಬಾದ ದ್ರವ, ನಡುವೆ ಸ್ಕೇಲಿನಿಂದ ಎಳೆದಂಥ ಗೆರೆ. ಬಾಟಲಿಯನ್ನು ಅಲುಗಿಸಿದರೆ ಎರಡೂ ಕಲಸಿಕೊಳ್ಳುತ್ತಿದ್ದವು, ಬಿಟ್ಟರೆ ಮತ್ತೆ ಅದೇ ಗೆರೆ. ಕೆಳಗಿನದು ನೀರು ಮತ್ತು ಪೆಟ್ರೋಲಿಗೆ ಬೆರೆಸುವ ಎಥನಾಲ್ ಎಂಬ ಮದ್ಯಸಾರ ಸೇರಿದ ಮಿಶ್ರಣ. ಎಂಜಿನ್ ಮೊದಲು ಹತ್ತಿದ್ದು ತನ್ನೊಳಗೆ ಉಳಿದಿದ್ದ ಪೆಟ್ರೋಲಿನ ಬಲದಿಂದ. ಅದು ಮುಗಿದ ಮೇಲೆ ಟ್ಯಾಂಕಿನ ತಳದಿಂದ ಮೇಲೇರಿದ್ದು ಈ ಮಬ್ಬು ದ್ರವ. ಟ್ಯಾಂಕಿನಿಂದ ಇಂಧನ ಹೀರುವ ನಳಿಗೆ ತಳದ ಹತ್ತಿರವೇ ಇರುವುದರಿಂದ, ಕೆಟ್ಟದ್ದು ಮೊದಲು ಎಂಜಿನ್ನಿಗೆ ಹೋಗುತ್ತದೆ, ಒಳ್ಳೆಯದು ಮೇಲೆ ತೇಲುತ್ತಾ ಉಳಿಯುತ್ತದೆ.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುವ ಗುಣದ್ದು, ಒಂದು ಮಿತಿಯವರೆಗೆ ನೀರನ್ನು ಪೆಟ್ರೋಲಿನಲ್ಲಿ ಕರಗಿಸಿಯೂ ಇಡುತ್ತದೆ, ಅಷ್ಟರ ಮಟ್ಟಿಗೆ ಅದು ಉಪಕಾರವೇ. ಸಾಧಾರಣ ಉಷ್ಣತೆಯಲ್ಲಿ ಆ ಮಿತಿ ಸುಮಾರು ಅರ್ಧ ಶೇಕಡಾ. ಮಿತಿ ದಾಟಿದ ಕ್ಷಣ ಎಥನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಕೈಹಿಡಿದು ತಳಕ್ಕೆ ಇಳಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಉಳಿದಿದ್ದದ್ದು ಸುಮಾರು 19 ಲೀಟರ್, ಅದರ ಅರ್ಧ ಶೇಕಡಾ ಎಂದರೆ 95 ಮಿಲಿಲೀಟರ್, ಹೆಚ್ಚುಕಡಿಮೆ ಅರ್ಧ ಲೋಟ ನೀರು. ಚಳಿ ಹೆಚ್ಚಿದಂತೆ ಪೆಟ್ರೋಲಿನ ಈ ತಾಳಿಕೆ ಇನ್ನೂ ಕುಗ್ಗುವುದರಿಂದ, ಸೆಪ್ಟೆಂಬರಿನಲ್ಲಿ ತಿಳಿಯಾಗಿ ಕಾಣುತ್ತಿದ್ದ ಪೆಟ್ರೋಲು ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಜನವರಿಯ ರಾತ್ರಿಯಲ್ಲಿ ಹೊಸದಾಗಿ ಒಂದು ಹನಿಯೂ ಸೇರದೆಯೇ ಒಡೆಯಬಹುದು. ಎಥನಾಲ್ ಬಿಟ್ಟುಹೋದ ಮೇಲಿನ ಪೆಟ್ರೋಲಿನಲ್ಲಿ ಆಕ್ಟೇನ್, ಅಂದರೆ ಎಂಜಿನ್ನಿನೊಳಗೆ ಹೊತ್ತಿಗೆ ಮುಂಚೆ ಸಿಡಿಯದೆ ಉರಿಯುವ ಗುಣ, ಕಡಿಮೆಯಾಗಿರುತ್ತದೆ, ತಳದ ಮಿಶ್ರಣ ಅಲ್ಯೂಮಿನಿಯಂ ಟ್ಯಾಂಕನ್ನು ತಿನ್ನುತ್ತದೆ. ಭಾರತದಲ್ಲಿಯೂ ಈಗ ಶೇಕಡಾ 20ರ ಎಥನಾಲ್ ಪೆಟ್ರೋಲು ಬಂದಿರುವುದರಿಂದ, ಊರಿನ ಮನೆಯಲ್ಲಿ ತಿಂಗಳುಗಟ್ಟಲೆ ಸ್ಕೂಟರ್ ನಿಲ್ಲಿಸಿ ಹೋಗುವವರೂ ಟ್ಯಾಂಕಿನೊಳಗೆ ಮಳೆನೀರು ಇಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು. ಎಥನಾಲ್ ಹೆಚ್ಚಿದಷ್ಟೂ ನೀರನ್ನು ಹಿಡಿದಿಡುವ ಮಿತಿ ಹೆಚ್ಚುತ್ತದೆ ಎಂಬುದು ನಿಜ, ಆದರೆ ಮಿತಿ ದಾಟಿದಾಗ ತಳಕ್ಕಿಳಿಯುವ ಎಥನಾಲಿನ ಪ್ರಮಾಣವೂ ಹೆಚ್ಚು.

ನೀರು ಬಂದದ್ದು ಎಲ್ಲಿಂದ ಎಂಬುದನ್ನು ಹುಡುಕಿದಾಗ ಸಿಕ್ಕಿದ್ದು ಇಂಧನ ತುಂಬುವ ಬಾಯಿಯ ಮುಚ್ಚಳದಲ್ಲಿ. ಅದರ ಅಂಚಿನ ರಬ್ಬರ್ ಉಂಗುರ ಒಣಗಿ ಎರಡು ಕಡೆ ಬಿರುಕು ಬಿಟ್ಟಿತ್ತು. ಮುಚ್ಚಳದ ಮೇಲೆ ಕೂತ ಹಿಮ ಹಗಲಿನ ಬಿಸಿಲಿಗೆ ಕರಗಿ, ಆ ಬಿರುಕಿನಿಂದ ಹನಿಹನಿಯಾಗಿ ಒಳಗಿಳಿದಿತ್ತು. ಖಾಲಿ ಟ್ಯಾಂಕಿನ ಗೋಡೆಯ ಮೇಲೆ ಗಾಳಿಯ ತೇವ ಬೆವರಿ ನೀರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಲೋಟ ನೀರು ಕಂಡಾಗ ನಾನು ಮೊದಲು ಅನುಮಾನಿಸುವುದು ಮುಚ್ಚಳವನ್ನು. ಹೊಸ ಉಂಗುರದ ಬೆಲೆ ಕೆಲವೇ ಡಾಲರು. ಟ್ಯಾಂಕು ಪೂರ್ತಿ ಬರಿದು ಮಾಡಿ ತೊಳೆದು, ಎಂಜಿನ್ನಿನೊಳಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳನ್ನು ಶುಚಿ ಮಾಡಿಸಿದ್ದಕ್ಕೆ ನಾನು ಕೊಟ್ಟದ್ದು ಅದರ ನೂರು ಪಟ್ಟಿಗಿಂತ ಹೆಚ್ಚು.

ಈ ಅನುಭವದಿಂದ ನಾನು ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಬಹಳ ಜನ ಮೊದಲು ಟ್ಯಾಂಕು ತುಂಬಿಸಿ, ಸ್ಟೆಬಿಲೈಸರ್ ಎಂಬ ಔಷಧಿಯನ್ನು ಸುರಿದು, ಕೊನೆಗೆ ಫಿಲ್ಟರ್ ಬದಲಿಸುತ್ತಾರೆ. ನಾನು ಫಿಲ್ಟರಿನಿಂದ ಆರಂಭಿಸುತ್ತೇನೆ. ಬೇಸಗೆಯೆಲ್ಲ ಆ ಫಿಲ್ಟರಿನ ಮೂಲಕ ಹರಿದ ಪೆಟ್ರೋಲಿನಲ್ಲಿ ಏನಿತ್ತು ಎಂಬುದರ ಲೆಕ್ಕ ಅದರೊಳಗೆ ಇರುತ್ತದೆ. ಟ್ಯಾಂಕಿನೊಳಗೆ ನೀರು ಈಗಾಗಲೇ ಪದರ ಕಟ್ಟಿದ್ದರೆ ಯಾವ ಸ್ಟೆಬಿಲೈಸರೂ ಅದನ್ನು ಮತ್ತೆ ಒಂದುಗೂಡಿಸಲಾರದು. ಸ್ಟೆಬಿಲೈಸರ್ ಮಾಡುವ ಕೆಲಸ ಪೆಟ್ರೋಲು ಗಾಳಿಯೊಡನೆ ಸೇರಿ ಅಂಟಾಗುವುದನ್ನು ನಿಧಾನಗೊಳಿಸುವುದು, ಅಷ್ಟೇ. ಕೆಟ್ಟ ಪೆಟ್ರೋಲಿನ ಮೇಲೆ 50 ಲೀಟರ್ ಒಳ್ಳೆಯ ಪೆಟ್ರೋಲು ಸುರಿದು ಔಷಧಿ ಹಾಕುವುದು, ಒಡೆದ ಹಾಲಿಗೆ ಹೊಸ ಹಾಲು ಬೆರೆಸಿದಂತೆ. ಪರೀಕ್ಷೆ ಮೊದಲು, ತುಂಬಿಸುವುದು ಆಮೇಲೆ.

ನಮ್ಮ ಬೋಟಿನಲ್ಲಿರುವುದು ನೀರನ್ನು ಬೇರ್ಪಡಿಸುವ, 10 ಮೈಕ್ರಾನಿನ (ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಸಣ್ಣ ಕಸವನ್ನು ಹಿಡಿಯುವ), ಕೈಯಿಂದ ತಿರುಗಿಸಿ ಕೂರಿಸುವ ಡಬ್ಬಿಯಂಥ ಫಿಲ್ಟರ್. ಅಡಿಯಲ್ಲಿ ಹಳೆಯ ಬಟ್ಟೆ ಹಾಸಿ, ಬೆಲ್ಟಿನ ಸ್ಪ್ಯಾನರಿನಿಂದ ಸಡಿಲಿಸಿ, ಉಳಿದದ್ದನ್ನು ಕೈಯಿಂದ ತಿರುಗಿಸಿ, ನೆಟ್ಟಗೆ ಹಿಡಿದುಕೊಂಡೇ ಇಳಿಸಬೇಕು, ಏಕೆಂದರೆ ಅದು ಪೆಟ್ರೋಲಿನಿಂದ ತುಂಬಿರುತ್ತದೆ. ಅದರೊಳಗಿನದನ್ನು ಪೂರ್ತಿಯಾಗಿ, ಮೊದಲೇ ತೊಳೆದು ಒಣಗಿಸಿಟ್ಟ ಉಪ್ಪಿನಕಾಯಿ ಬಾಟಲಿಗೆ ಬಗ್ಗಿಸಿ ನೆರಳಿನಲ್ಲಿಡುತ್ತೇನೆ. ಎಥನಾಲ್ ಇಲ್ಲದ ಪೆಟ್ರೋಲಾದರೆ ನೀರು ತಳದಲ್ಲಿ ಪಾದರಸದಂತೆ ದುಂಡಗೆ ಉರುಳಾಡುತ್ತದೆ, ಎಥನಾಲ್ ಇದ್ದರೆ ಮಬ್ಬು ಪದರವಾಗಿ ಕೂರುತ್ತದೆ. ಒಂದೆರಡು ಹನಿ ಕಂಡರೆ ಫಿಲ್ಟರ್ ತನ್ನ ಕೆಲಸ ಮಾಡಿದೆ ಎಂದು ಅರ್ಥ, ಬೆರಳಿನಗಲದ ಪದರ ಕಂಡರೆ ಟ್ಯಾಂಕಿನ ತಳದಿಂದ ಪಂಪಿನಲ್ಲಿ ತೆಗೆದು ನೋಡಲೇಬೇಕು. ಈ ವರ್ಷ ನನ್ನ ಬಾಟಲಿಯಲ್ಲಿ ಕಂಡದ್ದು ಸಾಸಿವೆ ಕಾಳಿನಷ್ಟು ದೊಡ್ಡ ಮೂರು ಹನಿ ಮತ್ತು ಒಂದಿಷ್ಟು ಕಪ್ಪು ಧೂಳು. ಆ ಕಪ್ಪು ಧೂಳಿನ ಬಗ್ಗೆ ಮುಂದೆ ಪೈಪಿನ ವಿಷಯದಲ್ಲಿ ಹೇಳುತ್ತೇನೆ.

ಹೊಸ ಫಿಲ್ಟರ್ ಹಾಕುವಾಗ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಒಂದಿದೆ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಅದರ ಜೊತೆ ಬಾರದೆ, ಮೇಲಿನ ಲೋಹದ ತಲೆಗೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ಗಮನಿಸದೆ ಹೊಸದನ್ನು ಕೂರಿಸಿದರೆ ಒಂದರ ಮೇಲೊಂದು ಎರಡು ಉಂಗುರಗಳಾಗಿ, ಕಣ್ಣಿಗೆ ಸರಿಯಾಗಿಯೇ ಕಂಡರೂ ಸಂದಿಯಿಂದ ಪೆಟ್ರೋಲು ಜಿನುಗುತ್ತದೆ. ಆದ್ದರಿಂದ ತಲೆಯ ಸುತ್ತ ಬೆರಳಾಡಿಸಿ ನೋಡಬೇಕು. ಹೊಸ ಉಂಗುರಕ್ಕೆ ಎಂಜಿನ್ ಎಣ್ಣೆಯನ್ನು ತೆಳ್ಳಗೆ ಸವರಿ, ಅದು ತಲೆಗೆ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಬೇಡ. ಡಬ್ಬಿಯ ಮೇಲೆ ದಪ್ಪ ಮಾರ್ಕರಿನಿಂದ ತಾರೀಖು ಬರೆಯುತ್ತೇನೆ.

ಇದಾದ ಮೇಲೆ ಕೊನೆಯ ಬಾರಿ ಇಂಧನ ತುಂಬಿಸುವ ಕೆಲಸ. ಮಿನ್ನೆಸೋಟದಲ್ಲಿ ವಾಹನಗಳಿಗೆ ಮಾರುವ ಪೆಟ್ರೋಲಿಗೆ ಎಥನಾಲ್ ಸೇರಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾದರೂ ಬೋಟು, ಹಿಮದ ಬಂಡಿ, ಸಣ್ಣ ಯಂತ್ರ, ಹಳೆಯ ಸಂಗ್ರಹದ ಕಾರುಗಳಿಗೆ ವಿನಾಯಿತಿ ಇದೆ. ಅದಕ್ಕಾಗಿ ಹಲವು ಬಂಕುಗಳಲ್ಲಿ ಎಥನಾಲ್ ಇಲ್ಲದ 91 ಆಕ್ಟೇನಿನ ಪೆಟ್ರೋಲಿಗೆ ಬೇರೆಯೇ ನಳಿಗೆ ಇರುತ್ತದೆ. ಬೆಲೆ ಹೆಚ್ಚು. ಬೇಸಗೆಯಲ್ಲಿ ವಾರವಾರ ಓಡಿಸುವಾಗ ನಾನು ಶೇಕಡಾ 10ರದ್ದನ್ನೇ ಹಾಕುತ್ತೇನೆ, ಆದರೆ ಸೆಪ್ಟೆಂಬರಿನಲ್ಲಿ ಅದನ್ನು ಆದಷ್ಟು ಓಡಿಸಿ ಖಾಲಿ ಮಾಡಿ, ಕೊನೆಯ ತುಂಬುವಿಕೆಯನ್ನು ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಮಾಡುತ್ತೇನೆ. ಅದೇ ಬಂಕಿನಲ್ಲಿ ಶೇಕಡಾ 15ರ ಎಥನಾಲಿನ ಅಗ್ಗದ ನಳಿಗೆಯೂ ಇರುವುದುಂಟು, ಅದನ್ನು ಬೋಟಿಗೆ ಹಾಕುವುದನ್ನು ಅಮೆರಿಕದ ಕೇಂದ್ರ ಸರಕಾರದ ಪರಿಸರ ಇಲಾಖೆ ನಿಷೇಧಿಸಿದೆ. ಹೊಸಬರು ನಳಿಗೆಯ ಬಣ್ಣವನ್ನಲ್ಲ, ಅದರ ಮೇಲಿನ ಚೀಟಿಯನ್ನು ಓದಿ ತುಂಬಿಸಬೇಕು.

ಎಥನಾಲ್ ಇಲ್ಲದಿದ್ದರೆ ಸ್ಟೆಬಿಲೈಸರ್ ಬೇಡವೇ ಎಂದು ಗೆಳೆಯರು ಕೇಳಿದ್ದರು. ಬೇಕು. ಪೆಟ್ರೋಲಿನ ಹಗುರವಾದ ಭಾಗಗಳು ಆವಿಯಾಗಿ ಹೋಗುವುದು, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟುಅಂಟಾಗುವುದು ಎಥನಾಲ್ ಇರಲಿ ಬಿಡಲಿ ನಡೆದೇ ನಡೆಯುತ್ತದೆ. ಹಳೆಯ ಪೆಟ್ರೋಲಿಗೆ ವಾರ್ನಿಶಿನಂಥ ಹುಳಿವಾಸನೆ ಬರುವುದು ಇದರಿಂದಲೇ. ನಾನು ಬಳಸುವ ಬಾಟಲಿಯ ಮೇಲೆ 2.5 ಗ್ಯಾಲನ್ನಿಗೆ 1 ಔನ್ಸ್ ಎಂದಿದೆ, ಅಂದರೆ 19 ಗ್ಯಾಲನ್ನಿಗೆ ಸುಮಾರು 225 ಮಿಲಿಲೀಟರ್. ಒಂದೊಂದು ಕಂಪನಿಯ ಅಳತೆ ಒಂದೊಂದು ರೀತಿ ಇರುವುದರಿಂದ ತಮ್ಮ ತಮ್ಮ ಬಾಟಲಿಯನ್ನೇ ಓದಬೇಕು, ಅದರಲ್ಲಿಯೂ ದಿನನಿತ್ಯದ ಅಳತೆ ಮತ್ತು ದೀರ್ಘಕಾಲ ಇಡುವಾಗಿನ ಅಳತೆ ಬೇರೆಬೇರೆ ಇದ್ದರೆ ಎರಡನೆಯದನ್ನು ಹಿಡಿಯಬೇಕು. ಲೆಕ್ಕ ಹಾಕುವಾಗ ಹೊಸದಾಗಿ ತುಂಬಿಸುವ ಪೆಟ್ರೋಲನ್ನು ಮಾತ್ರವಲ್ಲ, ಟ್ಯಾಂಕಿನಲ್ಲಿ ಮೊದಲೇ ಇರುವುದನ್ನೂ ಸೇರಿಸಬೇಕು. ಔಷಧಿಯನ್ನು ಮೊದಲು ಸುರಿದು ಅದರ ಮೇಲೆ ಪೆಟ್ರೋಲು ತುಂಬಿಸಿದರೆ ಬೀಳುವ ರಭಸಕ್ಕೆ ಅದು ತಾನೇ ಬೆರೆಯುತ್ತದೆ.

ಟ್ಯಾಂಕನ್ನು ತುಂಬಿಡಬೇಕೋ ಬರಿದು ಮಾಡಬೇಕೋ ಎಂಬ ವಾದ ಪ್ರತಿ ವರ್ಷವೂ ಕೇಳಿಬರುತ್ತದೆ, ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ನನ್ನ ತೀರ್ಮಾನ ಟ್ಯಾಂಕಿನ ಬಗೆಯನ್ನು ಅವಲಂಬಿಸಿದೆ. ಬೋಟಿಗೇ ಕೂರಿಸಿದ ಟ್ಯಾಂಕಿಗೆ ಗಾಳಿ ಆಡುವ ಸಣ್ಣ ಕಿಂಡಿ ಇರುತ್ತದೆ, ಹಗಲು ಬಿಸಿಯಾದಾಗ ಟ್ಯಾಂಕು ಆ ಕಿಂಡಿಯಿಂದ ಉಸಿರು ಬಿಡುತ್ತದೆ, ರಾತ್ರಿ ತಣ್ಣಗಾದಾಗ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಒಳಗಿನ ಖಾಲಿ ಜಾಗ ಕಡಿಮೆಯಾದಷ್ಟೂ ಈ ಉಸಿರಾಟ ಕಡಿಮೆ. ಎಥನಾಲ್ ಇರುವ ಪೆಟ್ರೋಲಾದರೆ ಇನ್ನೊಂದು ಲಾಭವಿದೆ: 19 ಲೀಟರ್ ತಾಳಿಕೊಳ್ಳುವ ನೀರು ಅರ್ಧ ಲೋಟವಾದರೆ 72 ಲೀಟರ್ ಸುಮಾರು 360 ಮಿಲಿಲೀಟರ್ ತಾಳಿಕೊಳ್ಳುತ್ತದೆ. ಬರಿದು ಮಾಡುತ್ತೇನೆಂದು ಹೊರಟರೂ, ಹೀರುವ ನಳಿಗೆ ತಳವನ್ನು ಮುಟ್ಟದೆ ಸ್ವಲ್ಪ ಮೇಲೆಯೇ ನಿಂತಿರುವುದರಿಂದ ತಳದ ಕೊನೆಯ ಲೀಟರು ಉಳಿದೇ ಉಳಿಯುತ್ತದೆ, ಕೆಡುವುದೂ ಅದೇ. ಆದ್ದರಿಂದ ಕೂರಿಸಿದ ಟ್ಯಾಂಕನ್ನು ನಾನು ಶೇಕಡಾ 95ರವರೆಗೆ ತುಂಬಿಡುತ್ತೇನೆ. ಕುತ್ತಿಗೆಯವರೆಗೆ ತುಂಬಿಸುವುದು ತಪ್ಪು. ಪೆಟ್ರೋಲು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ. ಸೊನ್ನೆ ಡಿಗ್ರಿಯ ಬೆಳಿಗ್ಗೆ ತುಂಬಿಸಿದ್ದು ಮೇ ತಿಂಗಳ ಬಿಸಿಲಿನಲ್ಲಿ ಹೊದಿಕೆಯಡಿ 30 ಡಿಗ್ರಿಗೆ ಏರಿದರೆ ಎರಡು ಲೀಟರಿನಷ್ಟು ಹೆಚ್ಚಿ, ಕಿಂಡಿಯಿಂದ ನೆಲಕ್ಕೆ ಸುರಿಯುತ್ತದೆ. ಆ ಕಿಂಡಿಯನ್ನು ಮುಚ್ಚುವ ಯೋಚನೆಯನ್ನಂತೂ ಯಾರೂ ಮಾಡಬಾರದು, ಉಸಿರುಗಟ್ಟಿದ ಟ್ಯಾಂಕು ಉಬ್ಬುತ್ತದೆ ಅಥವಾ ಬೆಸುಗೆಯಲ್ಲಿ ಬಿರಿಯುತ್ತದೆ. ಕೈಯಲ್ಲಿ ಎತ್ತಿಕೊಂಡು ಹೋಗುವ ಕೆಂಪು ಪ್ಲಾಸ್ಟಿಕ್ ಟ್ಯಾಂಕಿನ ವಿಷಯ ಸುಲಭ, ಅದನ್ನು ಪೂರ್ತಿ ಬರಿದು ಮಾಡಿ ಒಣಗಿಸಿಡುತ್ತೇನೆ. ಅದರಲ್ಲಿದ್ದ ಪೆಟ್ರೋಲು ಹೊಸದಾಗಿದ್ದು ಎಣ್ಣೆ ಬೆರೆಸದ್ದಾದರೆ ಕಾರಿಗೆ ಹೋಗುತ್ತದೆ.

ಟ್ಯಾಂಕಿಗೆ ಔಷಧಿ ಹಾಕಿದ ಮಾತ್ರಕ್ಕೆ ಎಂಜಿನ್ನಿಗೆ ಔಷಧಿ ಸಿಕ್ಕಿತೆಂದು ತಿಳಿಯಬಾರದು. ಫಿಲ್ಟರ್, ಪೈಪು, ಪಂಪು, ಇಂಜೆಕ್ಟರು ಇವುಗಳಲ್ಲೆಲ್ಲ ಇನ್ನೂ ಹಳೆಯ ಪೆಟ್ರೋಲೇ ಇರುತ್ತದೆ. ಅದಕ್ಕಾಗಿಯೇ ನಾನು ಬೋಟು ಇನ್ನೂ ನೀರಿನಲ್ಲಿರುವಾಗ ಈ ಕೆಲಸ ಮಾಡುವುದು. ತುಂಬಿಸಿದ ಮೇಲೆ ಕೆರೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಟ್ಯಾಂಕಿನಲ್ಲಿ ಔಷಧಿ ಚೆನ್ನಾಗಿ ಬೆರೆಯುತ್ತದೆ, ಇಂಜೆಕ್ಟರಿನ ತುದಿಯವರೆಗೂ ಹೋಗುತ್ತದೆ, ಹೊಸ ಫಿಲ್ಟರ್ ಸೋರುತ್ತಿದ್ದರೆ ಅದೂ ಅಂದೇ ಗೊತ್ತಾಗುತ್ತದೆ. ಮನೆಯಲ್ಲಿ ಮಾಡುವವರು ಎಂಜಿನ್ನಿನ ನೀರೆಳೆಯುವ ಕಿಂಡಿಗಳಿಗೆ ರಬ್ಬರಿನ ಕಿವಿಮುಚ್ಚುಗಳನ್ನು ಸಿಕ್ಕಿಸಿ, ತೋಟದ ಪೈಪಿನಿಂದ ನೀರು ಬಿಟ್ಟು, ಹದಿನೈದು ನಿಮಿಷವಾದರೂ ಓಡಿಸಬೇಕು. ನೀರಿಲ್ಲದೆ ಒಂದು ನಿಮಿಷವೂ ಓಡಿಸಬಾರದು, ನೀರೆತ್ತುವ ಪಂಪಿನ ರಬ್ಬರ್ ರೆಕ್ಕೆಗಳು ಸುಟ್ಟುಹೋಗುತ್ತವೆ.

ನಮ್ಮ 60 ಅಶ್ವಶಕ್ತಿಯ ದೊಡ್ಡ ಎಂಜಿನ್ನಿನಂಥ ಇಂಜೆಕ್ಟರಿನ ಎಂಜಿನ್ನುಗಳನ್ನು ಪೆಟ್ರೋಲು ಮುಗಿದು ನಿಲ್ಲುವವರೆಗೆ ಓಡಿಸುವುದು ಸರಿಯಲ್ಲ. ಅವುಗಳ ಒತ್ತಡದ ಪಂಪು ಪೆಟ್ರೋಲಿನಲ್ಲಿಯೇ ಮುಳುಗಿದ್ದು, ಅದರಿಂದಲೇ ತಣ್ಣಗಾಗುತ್ತ ನುಣುಪಾಗಿ ತಿರುಗುತ್ತದೆ, ಒಣಗಿದಾಗ ಓಡಿದರೆ ಸವೆಯುತ್ತದೆ. ಹೀಗಾಗಿ ಔಷಧಿ ಬೆರೆತ ಪೆಟ್ರೋಲು ಒಳಗೆ ತುಂಬಿರುವಾಗಲೇ ಕೀಲಿ ತಿರುಗಿಸಿ ನಿಲ್ಲಿಸುತ್ತೇನೆ. ಕೆಲವು ಎಂಜಿನ್ನುಗಳಲ್ಲಿ ಪಂಪಿನ ಬಳಿಯ ಸಣ್ಣ ಟ್ಯಾಂಕಿನಿಂದ ಪೆಟ್ರೋಲನ್ನು ಇಳಿಸಲು ತಿರುಪು ಕೊಟ್ಟಿರುತ್ತಾರೆ, ಕೈಪಿಡಿಯಲ್ಲಿ ಹಾಗೆ ಹೇಳಿದ್ದರೆ ಹಾಗೆಯೇ ಮಾಡಬೇಕು.

ಮೀನಿನ ಹಿಂದೆ ನಿಧಾನವಾಗಿ ಸಾಗಲು ಇಟ್ಟುಕೊಂಡಿರುವ 6 ಅಶ್ವಶಕ್ತಿಯ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲು ಚಳಿಗಾಲದಲ್ಲಿ ಆವಿಯಾಗಿ, ಬೆರೆಸಿದ ಎಣ್ಣೆ ಮಾತ್ರ ಉಳಿದು, ಪೆಟ್ರೋಲು ಹಾಯುವ, ಸೂಜಿಯ ಮೊನೆಯಷ್ಟು ಸಣ್ಣ ರಂಧ್ರದ ಜೆಟ್ಟನ್ನು ಕಟ್ಟಿಬಿಡುತ್ತದೆ. ಆದ್ದರಿಂದ ಪೈಪು ಕಳಚಿ, ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಶಬ್ದ ಏರಿ ಸಾಯುವ ಸೂಚನೆ ಕೊಟ್ಟಾಗ ಕಾರ್ಬೊರೇಟರಿನ ಬಾಯಿಗೆ ಫಾಗಿಂಗ್ ಎಣ್ಣೆಯನ್ನು ಸಿಂಪಡಿಸಿದರೆ ಬಿಳಿಯ ಹೊಗೆ ಉಗುಳಿ ನಿಲ್ಲುತ್ತದೆ, ಸಿಲಿಂಡರಿನ ಒಳಗೋಡೆಗೆ ಎಣ್ಣೆಯ ಪದರ ಬರುತ್ತದೆ. ನಿಂತ ಮೇಲೂ ಬಟ್ಟಲಿನ ಅಡಿಯ ತಿರುಪು ಬಿಚ್ಚಿದರೆ ಸ್ವಲ್ಪ ಇಳಿಯುತ್ತದೆ, ಹೆಚ್ಚಿನವರು ಈ ಕೊನೆಯ ತಿರುಪನ್ನು ಮರೆಯುತ್ತಾರೆ. ಇಳಿದದ್ದರಲ್ಲಿ ನೀರಿದ್ದರೆ ಅದು ಬಟ್ಟಲಿನಲ್ಲಿಯೇ ಗಡ್ಡೆ ಕಟ್ಟುತ್ತಿತ್ತೆಂದು ತಿಳಿಯಬೇಕು. ದೊಡ್ಡಪ್ಪನ ಎಂಜಿನ್ನಿನ ಬಟ್ಟಲಿಗೂ ಇಂಥದೇ ಹಿತ್ತಾಳೆಯ ತಿರುಪಿತ್ತು. ಕಡಲು ಕೆರಳಿ ವಾರಗಟ್ಟಲೆ ದೋಣಿ ಇಳಿಸದ ದಿನಗಳಲ್ಲಿ ಎಂಜಿನ್ನನ್ನು ಮನೆಯ ಚಾವಡಿಗೆ ತಂದು ನಿಲ್ಲಿಸಿ, ಅವರು ಮೊದಲು ಬಿಚ್ಚುತ್ತಿದ್ದದ್ದು ಅದನ್ನೇ.

ಈಗ ಪೈಪಿನ ವಿಷಯ. ಫಿಲ್ಟರಿನಲ್ಲಿ ಕಂಡ ಕಪ್ಪು ಧೂಳು ಸಾಮಾನ್ಯವಾಗಿ ಕಸವಲ್ಲ, ರಬ್ಬರ್ ಪೈಪಿನ ಒಳಪದರ ಕರಗಿ ಉದುರಿದ್ದು. ಪೈಪನ್ನು ಬೆರಳಿನಲ್ಲಿ ಬಗ್ಗಿಸಿದಾಗ ಹೊರಗೆ ಬಿರುಕು ಕಂಡರೆ, ಹಿಸುಕಿದಾಗ ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗಾಗಿದ್ದರೆ, ಅದರ ಆಯುಸ್ಸು ಮುಗಿದಿದೆ. ಪೆಟ್ರೋಲನ್ನು ಕೈಯಿಂದ ಒತ್ತಿ ಎಂಜಿನ್ನಿಗೆ ಏರಿಸುವ ರಬ್ಬರ್ ಉಂಡೆ ಐದಾರು ಒತ್ತಿನಲ್ಲಿ ಗಟ್ಟಿಯಾಗಬೇಕು. ಆಗದೆ ಮೆತ್ತಗೇ ಇದ್ದರೆ ಅದರ ಕವಾಟ ಹೋಗಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಬದಲಿಸುವಾಗ ಕರಾವಳಿ ಕಾವಲು ಪಡೆಯ ದರ್ಜೆ ಅಚ್ಚಾಗಿರುವ ಬೋಟಿನ ಪೈಪನ್ನೇ ಕೊಳ್ಳಬೇಕು, ಕಾರಿನ ಅಂಗಡಿಯ ಅಗ್ಗದ ಪೈಪು ಬೇಡ. ಈ ವರ್ಷದ ಧೂಳಿನ ಮೂಲ ನನ್ನ ಮಟ್ಟಿಗೆ ಆ ಉಂಡೆಯ ಬಳಿಯ ಎರಡಡಿ ಪೈಪಾಗಿತ್ತು, ಉಂಡೆಯ ಸಮೇತ ಬದಲಿಸಿದ್ದೇನೆ.

ಇವೆಲ್ಲವನ್ನೂ ಎಲ್ಲಿ ಮಾಡುತ್ತೀರಿ ಎಂಬುದು ನನ್ನ ಪಾಲಿಗೆ ಎಲ್ಲಕ್ಕಿಂತ ಗಂಭೀರವಾದ ವಿಷಯ. ಹೊರಗೆ ಚಳಿ ಎಂದು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಪೆಟ್ರೋಲು ಇಳಿಸುವವರನ್ನು ನಾನು ಕಂಡಿದ್ದೇನೆ, ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೆ ನೀರಿನಂತೆ ಹರಿದು ಮೂಲೆಯಲ್ಲಿರುವ ಗ್ಯಾಸಿನ ವಾಟರ್ ಹೀಟರಿನ ಸಣ್ಣ ಜ್ವಾಲೆಯನ್ನು ಮುಟ್ಟಬಲ್ಲದು. ಚಳಿಯಲ್ಲಿ ಪೆಟ್ರೋಲು ಹೊತ್ತಿಕೊಳ್ಳುವುದಿಲ್ಲ ಎಂಬ ನಂಬಿಕೆಯೂ ತಪ್ಪು, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಮಿನ್ನೆಸೋಟದ ಜನವರಿಯೂ ನಮ್ಮನ್ನು ಕಾಪಾಡುವುದಿಲ್ಲ. ಕೆಲಸ ಬಯಲಿನಲ್ಲಿಯೇ ಆಗಬೇಕು, ಬ್ಯಾಟರಿಯ ತಂತಿ ಕಳಚಿರಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು. ಡಬ್ಬಿಗೆ ಪೆಟ್ರೋಲು ತುಂಬಿಸುವಾಗ ಅದನ್ನು ಪಿಕಪ್ ಗಾಡಿಯ ಪ್ಲಾಸ್ಟಿಕ್ ಹಾಸಿನ ಮೇಲಿಡದೆ ನೆಲಕ್ಕಿಳಿಸಬೇಕು, ಇಲ್ಲವಾದರೆ ಸ್ಥಾಯೀ ವಿದ್ಯುತ್ತು ಕೂಡಿ ಕಿಡಿ ಹಾರಬಹುದು. ಕೆಟ್ಟ ಪೆಟ್ರೋಲನ್ನು ಚರಂಡಿಗೋ ಮಣ್ಣಿಗೋ ಸುರಿಯುವ ಮಾತೇ ಇಲ್ಲ. ನಮ್ಮ ಹೆನ್ನೆಪಿನ್ ಕೌಂಟಿಯವರು ಬ್ಲೂಮಿಂಗ್ಟನ್ ಮತ್ತು ಬ್ರೂಕ್ಲಿನ್ ಪಾರ್ಕಿನಲ್ಲಿ ನಡೆಸುವ ಕೇಂದ್ರಗಳಲ್ಲಿ ಮನೆಯ ಅಪಾಯಕಾರಿ ತ್ಯಾಜ್ಯವನ್ನು ತೆಗೆದುಕೊಳ್ಳುತ್ತಾರೆ, ನನ್ನ ಮಬ್ಬು ಪೆಟ್ರೋಲು ಹೋದದ್ದೂ ಅಲ್ಲಿಗೇ.

ಡುಲೂತಿನಲ್ಲಿ ಹಾಯಿದೋಣಿ ಇಟ್ಟಿರುವ ಗೆಳೆಯರೊಬ್ಬರದು ಡೀಸೆಲ್ ಎಂಜಿನ್, ಅವರ ಸಲುವಾಗಿ ಎರಡು ಮಾತು. ಮಿನ್ನೆಸೋಟದ ಡೀಸೆಲಿನಲ್ಲಿ ಬೇಸಗೆಯಲ್ಲಿ ಶೇಕಡಾ 20, ಚಳಿಗಾಲದಲ್ಲಿ ಶೇಕಡಾ 5ರಷ್ಟು ಜೈವಿಕ ಡೀಸೆಲ್ ಇರುತ್ತದೆ, ಅದು ನೀರನ್ನು ಹೆಚ್ಚು ಹಿಡಿದಿಡುತ್ತದೆ, ಚಳಿಗೆ ಬೇಗ ಗಟ್ಟಿಯಾಗುತ್ತದೆ. ಆದ್ದರಿಂದ ಆಗಸ್ಟಿನಲ್ಲಿ ತುಂಬಿಸಿದ್ದನ್ನು ಹಾಗೆಯೇ ಬಿಡದೆ, ಅದನ್ನು ಓಡಿಸಿ ಮುಗಿಸಿ ಅಕ್ಟೋಬರ್ ಬಂದ ಮೇಲೆ ಚಳಿಗಾಲದ ಡೀಸೆಲ್ ತುಂಬಿಸುವುದು ಲೇಸು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ, ಅದಕ್ಕೆ ಬೇರೆಯೇ ಔಷಧಿ ಇದೆ. ಫಿಲ್ಟರಿನ ಅಡಿಯ ಬಟ್ಟಲಿನಿಂದ ನೀರು ಇಳಿಸುವುದು, ಫಿಲ್ಟರ್ ಬದಲಿಸಿ ಪೈಪಿನೊಳಗಿನ ಗಾಳಿ ತೆಗೆಯುವುದು, ಟ್ಯಾಂಕು ತುಂಬಿಡುವುದು, ಉಳಿದ ಕ್ರಮವೆಲ್ಲ ಹೆಚ್ಚುಕಡಿಮೆ ಇದೇ.

ಕೆಲಸ ಮುಗಿದ ಮೇಲೆ ಒಂದು ರಟ್ಟಿನ ಚೀಟಿಯಲ್ಲಿ ಬರೆದು ಸ್ಟಿಯರಿಂಗಿಗೆ ಕಟ್ಟುತ್ತೇನೆ. ಈ ವರ್ಷದ ಚೀಟಿಯಲ್ಲಿ ಹೀಗಿದೆ: ಅಕ್ಟೋಬರ್ ಮೂರನೆಯ ವಾರ, 19 ಗ್ಯಾಲನ್, ಎಥನಾಲ್ ಇಲ್ಲದ 91, ಔಷಧಿ 225 ಮಿ.ಲೀ. ಹಾಕಿದೆ. ಫಿಲ್ಟರ್ ಹೊಸದು, ಇನ್ನೊಂದು ಪೆಟ್ಟಿಗೆಯಲ್ಲಿದೆ. ಮುಚ್ಚಳದ ಉಂಗುರ ನೋಡಿದೆ, ಸರಿಯಿದೆ. ಉಂಡೆ ಮತ್ತು ಎರಡಡಿ ಪೈಪು ಹೊಸದು. ಸಣ್ಣ ಎಂಜಿನ್ನಿನ ಬಟ್ಟಲು ಬರಿದು, ತಿರುಪು ಬಿಗಿದಿದೆ. ಅದರ ಪೈಪು ಗ್ಯಾರೇಜಿನ ಬಾಗಿಲ ಹಿಂದಿನ ಎರಡನೆಯ ಮೊಳೆಯಲ್ಲಿದೆ. ಕೀಲಿ ತಿರುಗಿಸುವ ಮೊದಲು ಬಾಟಲಿ ತೆಗೆದುಕೊಂಡು ಫಿಲ್ಟರಿನಿಂದ ಒಂದಿಷ್ಟು ಇಳಿಸಿ ನೋಡು.